ಹೆರಿಗೆ ಮತ್ತು ಶಿಶುಪಾಲನೆ ನೆರವು: ಭಾರತದ ವ್ಯವಸ್ಥೆ

ಹೆರಿಗೆ ಮತ್ತು ಶಿಶುಪಾಲನೆ ನೆರವು ಎಂದರೆ ಮಗು ಹುಟ್ಟುವ ಮುಂಚಿನ ತಿಂಗಳುಗಳಲ್ಲೂ ಹುಟ್ಟಿದ ಮೇಲಿನ ಮೊದಲ ವರ್ಷಗಳಲ್ಲೂ ದುಡಿಯುವ ತಾಯಿ ತಂದೆಯರ ಸಂಪಾದನೆ ನಿಲ್ಲದಂತೆ, ಕೆಲಸ ಕೈತಪ್ಪದಂತೆ, ಮಗುವಿನ ಊಟ-ಆರೈಕೆಗೆ ಕೊರತೆಯಾಗದಂತೆ ನೋಡಿಕೊಳ್ಳಲು ಸರ್ಕಾರ ತಾನೇ ಕೊಡುವ ಅಥವಾ ಕಾನೂನಿನ ಮೂಲಕ ಇತರರಿಂದ ಕೊಡಿಸುವ ಸೌಲಭ್ಯಗಳ ಒಟ್ಟು ವ್ಯವಸ್ಥೆ. ಸಂಬಳಸಹಿತ ರಜೆ, ನಗದು ಸಹಾಯಧನ, ಪೌಷ್ಟಿಕ ಆಹಾರ, ಶಿಶುವಿಹಾರ ಇವು ಇದರ ಮುಖ್ಯ ರೂಪಗಳು. ಯೂರೋಪಿನ ಹಲವು ದೇಶಗಳಲ್ಲಿ ಹುಟ್ಟಿದ ಪ್ರತಿ ಮಗುವಿನ ಹೆಸರಿನಲ್ಲೂ ಮನೆಗೆ ಮಾಸಿಕ ಭತ್ಯೆ ಬರುತ್ತದೆ. ಭಾರತದಲ್ಲಿ ಅಂಥ ಸಾರ್ವತ್ರಿಕ ಮಕ್ಕಳ ಭತ್ಯೆ ಇಲ್ಲ. ಇಲ್ಲಿ ನೆರವಿನ ಮೊತ್ತ ತಾಯಿ ಎಲ್ಲಿ, ಯಾರ ಕೈಕೆಳಗೆ, ಎಂಥ ಕೆಲಸ ಮಾಡುತ್ತಾಳೆ ಎಂಬುದರ ಮೇಲೆ ನಿಂತಿದೆ. ಹೀಗಾಗಿ ಒಂದೇ ಆಸ್ಪತ್ರೆಯ ಒಂದೇ ವಾರ್ಡಿನಲ್ಲಿ ಹೆತ್ತ ಮೂವರಲ್ಲಿ ಒಬ್ಬಳಿಗೆ ಲಕ್ಷಗಟ್ಟಲೆ, ಇನ್ನೊಬ್ಬಳಿಗೆ ಹಲವು ಸಾವಿರ, ಮತ್ತೊಬ್ಬಳಿಗೆ ₹5,000 ಸಿಗಬಹುದು.

ಪರಿಭಾಷೆ

ಈ ಲೇಖನದಲ್ಲಿ ‘ಹೆರಿಗೆ ಸೌಲಭ್ಯ’ ಎಂದರೆ ರಜೆಯ ಅವಧಿಗೆ ಸಂಬಳದ ಲೆಕ್ಕದಲ್ಲಿ ಸಿಗುವ ಹಣ. ‘ಹೆರಿಗೆ ರಜೆ’ ಎಂದರೆ ಆ ಅವಧಿಯಲ್ಲಿ ಕೆಲಸಕ್ಕೆ ಬಾರದಿರುವ ಹಕ್ಕು. ‘ಸಹಾಯಧನ’ ಎಂಬುದು ಸಂಬಳಕ್ಕೆ ಸಂಬಂಧವಿಲ್ಲದೆ ಬೊಕ್ಕಸದಿಂದ ಅಥವಾ ಕಲ್ಯಾಣ ಮಂಡಳಿಯಿಂದ ಬರುವ ನಿಗದಿತ ಮೊತ್ತ. ‘ಶಿಶುಪಾಲನಾ ರಜೆ’ ಹೆರಿಗೆ ರಜೆ ಮುಗಿದ ನಂತರದ್ದು. ಇದು ಸರ್ಕಾರಿ ನೌಕರರಿಗೆ ಸೀಮಿತ. ‘ಶಿಶುವಿಹಾರ’ ಎಂದರೆ ತಾಯಿ ದುಡಿಯುವ ಹೊತ್ತಿನಲ್ಲಿ ಮಗುವನ್ನು ನೋಡಿಕೊಳ್ಳುವ ಜಾಗ. ಅಂಗನವಾಡಿಯನ್ನು ಶಿಶುವಿಹಾರ ಎಂದು ಕರೆಯುವ ರೂಢಿ ಇದೆಯಾದರೂ ಎರಡರ ಉದ್ದೇಶ ಬೇರೆ.

ಉಗಮ

1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ತನ್ನ ಮೊದಲ ಅಧಿವೇಶನದಲ್ಲೇ ಹೆರಿಗೆ ರಕ್ಷಣೆಯ ಒಡಂಬಡಿಕೆಯನ್ನು ಅಂಗೀಕರಿಸಿ 12 ವಾರಗಳ ರಜೆಯನ್ನು ಸೂಚಿಸಿತು. ಭಾರತದಲ್ಲಿ ಈ ಬೇಡಿಕೆ ಎದ್ದಿದ್ದು ಮುಂಬಯಿಯ ಬಟ್ಟೆ ಗಿರಣಿಗಳಿಂದ. ಮುಂಬಯಿ ಪ್ರಾಂತದ ವಿಧಾನ ಪರಿಷತ್ತಿನಲ್ಲಿ 1928ರಲ್ಲಿ ಹೆರಿಗೆ ಸೌಲಭ್ಯ ಮಸೂದೆ ಚರ್ಚೆಗೆ ಬಂದಾಗ ಡಾ. ಬಿ.ಆರ್. ಅಂಬೇಡ್ಕರ್ ಅದನ್ನು ಬೆಂಬಲಿಸಿ ಮಾತನಾಡಿದರು. ಹೆರಿಗೆಯ ಹಿಂದೆ ಮುಂದೆ ತಾಯಿಗೆ ವಿಶ್ರಾಂತಿ ಸಿಗುವುದು ರಾಷ್ಟ್ರದ ಹಿತ, ಆದ್ದರಿಂದ ಆ ವೆಚ್ಚದ ಬಹುಪಾಲನ್ನು ಸರ್ಕಾರವೇ ಹೊರುವುದು ನ್ಯಾಯ, ಆದರೆ ಸರ್ಕಾರ ಹೊರುತ್ತಿಲ್ಲ ಎಂಬ ಕಾರಣಕ್ಕೆ ಮಾಲೀಕರನ್ನು ಬಿಟ್ಟುಬಿಡುವಂತಿಲ್ಲ ಎಂಬುದು ಅವರ ವಾದದ ತಿರುಳು. 1929ರಲ್ಲಿ ಕಾಯ್ದೆಯಾಯಿತು. ಹೊರೆ ಬಿದ್ದದ್ದು ಮಾಲೀಕರ ಮೇಲೆ. ಯಾರು ಹೊರಬೇಕು ಎಂಬ ಅಂದಿನ ಪ್ರಶ್ನೆ ಮಾತ್ರ ಮುಂದಿನ ಪ್ರತಿ ಕಾನೂನಿನಲ್ಲೂ ಮತ್ತೆ ಮತ್ತೆ ಎದುರಾಗಿದೆ.

ಕಾರ್ಮಿಕರ ಸ್ಥಿತಿಗತಿ ಪರಿಶೀಲಿಸಿದ ವ್ಹಿಟ್ಲಿ ಆಯೋಗ 1931ರಲ್ಲಿ ಇಂಥ ಕಾನೂನು ಎಲ್ಲ ಕಡೆಯೂ ಬರಬೇಕೆಂದು ಶಿಫಾರಸು ಮಾಡಿತು. ಮಧ್ಯಪ್ರಾಂತ, ಮದರಾಸು, ಬಂಗಾಳಗಳು ತಮ್ಮ ತಮ್ಮ ಕಾಯ್ದೆ ತಂದವು. ಗಣಿ ಕಾರ್ಮಿಕರಿಗಾಗಿ 1941ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. ಸ್ವಾತಂತ್ರ್ಯಾನಂತರ ಸಂವಿಧಾನದ 42ನೆಯ ವಿಧಿ ಹೆರಿಗೆ ಪರಿಹಾರವನ್ನು ರಾಜ್ಯನೀತಿಯ ನಿರ್ದೇಶಕ ತತ್ತ್ವಗಳಲ್ಲಿ ಸೇರಿಸಿತು. 1948ರ ನೌಕರರ ರಾಜ್ಯ ವಿಮಾ (ಇ.ಎಸ್.ಐ.) ಕಾಯ್ದೆ ವಿಮೆಯ ದಾರಿ ತೆರೆಯಿತು. ಪ್ರಾಂತಗಳ ಚದುರಿದ ಕಾಯ್ದೆಗಳ ಜಾಗದಲ್ಲಿ 1961ರ ಹೆರಿಗೆ ಸೌಲಭ್ಯ ಕಾಯ್ದೆ ಬಂದು, ಮುಂದಿನ ಆರು ದಶಕ ಈ ಕ್ಷೇತ್ರದ ಮೂಲ ಕಾನೂನಾಗಿ ಉಳಿಯಿತು.

ರಚನೆ

ಹಣದ ಮೂಲವನ್ನು ಹಿಡಿದು ನೋಡಿದರೆ ವ್ಯವಸ್ಥೆಯಲ್ಲಿ ನಾಲ್ಕು ಕವಲುಗಳಿವೆ. ಮೊದಲನೆಯದರಲ್ಲಿ ಮಾಲೀಕ ತನ್ನ ಕೈಯಿಂದ ಕೊಡುತ್ತಾನೆ. ಎರಡನೆಯದರಲ್ಲಿ ಮಾಲೀಕ ಮತ್ತು ಕಾರ್ಮಿಕ ಇಬ್ಬರೂ ವಂತಿಗೆ ಕಟ್ಟಿದ ವಿಮಾ ನಿಧಿ ಕೊಡುತ್ತದೆ. ಮೂರನೆಯದರಲ್ಲಿ ಒಂದು ಉದ್ಯಮದ ಮೇಲೆ ಹಾಕಿದ ಸೆಸ್‌ನಿಂದ ಕಲ್ಯಾಣ ಮಂಡಳಿ ಕೊಡುತ್ತದೆ. ನಾಲ್ಕನೆಯದು ನೇರವಾಗಿ ತೆರಿಗೆ ಹಣ. ಸರ್ಕಾರಿ ನೌಕರರಿಗೆ ಸರ್ಕಾರವೇ ಮಾಲೀಕನಾದ್ದರಿಂದ ಅವರು ಮೊದಲನೆಯ ಕವಲಿಗೆ ಸೇರಿದರೂ ಸೌಲಭ್ಯದಲ್ಲಿ ಎಲ್ಲರಿಗಿಂತ ಮುಂದಿದ್ದಾರೆ.

ಒಬ್ಬಳು ತಾಯಿ ಸಾಮಾನ್ಯವಾಗಿ ಒಂದು ಕವಲಿನಲ್ಲಷ್ಟೇ ಬರುತ್ತಾಳೆ. ಬೆಂಗಳೂರಿನ ಪೀಣ್ಯ ಅಥವಾ ಬೊಮ್ಮಸಂದ್ರದ ಗಾರ್ಮೆಂಟ್ಸ್‌ನಲ್ಲಿ ತಿಂಗಳಿಗೆ ₹13,000 ದುಡಿಯುವ ಟೈಲರ್ ಇ.ಎಸ್.ಐ. ವ್ಯಾಪ್ತಿಯವಳು. ಅವಳ ಸಂಬಳದಿಂದ ಶೇ 0.75, ಅಂದರೆ ಸುಮಾರು ₹98 ಮುರಿಯುತ್ತದೆ. ಕಂಪನಿ ಶೇ 3.25, ಅಂದರೆ ಸುಮಾರು ₹423 ಸೇರಿಸುತ್ತದೆ. ಹೆರಿಗೆಯಾದಾಗ 26 ವಾರಗಳ ಕೂಲಿ ಬರುವುದು ವಿಮಾ ನಿಗಮದಿಂದ. ಕಂಪನಿಗೆ ಅದರ ಬಿಸಿ ತಟ್ಟುವುದಿಲ್ಲ. ಅದೇ ಊರಿನಲ್ಲಿ ₹80,000 ಸಂಬಳದ ಸಾಫ್ಟ್‌ವೇರ್ ಎಂಜಿನಿಯರಿಗೆ ಅದೇ ಅವಧಿಗೆ ಹೆಚ್ಚುಕಡಿಮೆ ₹4.8 ಲಕ್ಷ ಸಲ್ಲಬೇಕು. ಪೂರ್ತಿ ಹೊರೆ ಕಂಪನಿಯದು. ಇನ್ನು ಮಾನ್ವಿಯಲ್ಲಿ ಭತ್ತದ ನಾಟಿಗೆ ಹೋಗುವ ಕೂಲಿ ಹೆಂಗಸಿಗೆ ಮಾಲೀಕನೂ ಇಲ್ಲ, ವಿಮೆಯೂ ಇಲ್ಲ. ಅವಳ ಪಾಲಿಗೆ ಉಳಿಯುವುದು ಬೊಕ್ಕಸದ ಸಹಾಯಧನ, ಅಂಗನವಾಡಿಯ ಊಟ. ಭಾರತದ ದುಡಿಯುವ ಜನರಲ್ಲಿ ಹತ್ತಕ್ಕೆ ಒಂಬತ್ತರಷ್ಟು ಮಂದಿ ಇರುವುದು ಅಸಂಘಟಿತ ವಲಯದಲ್ಲಿ ಎಂಬುದನ್ನು ನೆನೆದರೆ, ಕಾನೂನಿನ ಪುಸ್ತಕದಲ್ಲಿ ಅತಿ ದೊಡ್ಡ ಜಾಗ ಹಿಡಿದಿರುವ 26 ವಾರಗಳ ರಜೆ ತಲುಪುವುದು ಸಣ್ಣ ಗುಂಪಿಗೆ ಎಂಬುದು ತಿಳಿಯುತ್ತದೆ.

ಬಗೆಗಳು

ಮಾಲೀಕರು ಕೊಡುವ ಹೆರಿಗೆ ಸೌಲಭ್ಯ

1961ರ ಕಾಯ್ದೆ ಕಾರ್ಖಾನೆ, ಗಣಿ, ತೋಟಗಳಿಗೂ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಅಂಗಡಿ ಮತ್ತು ಸಂಸ್ಥೆಗಳಿಗೂ ಅನ್ವಯಿಸುವಂತೆ ರೂಪುಗೊಂಡಿತು. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು, ಅರ್ಹತೆ ಸಿಗುತ್ತದೆ. ಮೊದಲು ಇದು 160 ದಿನ ಇತ್ತು; 1988ರ ತಿದ್ದುಪಡಿ ಅರ್ಧಕ್ಕೆ ಇಳಿಸಿತು. ರಜೆಯ ಅವಧಿ ದೀರ್ಘಕಾಲ 12 ವಾರವಾಗಿತ್ತು. 2017ರ ಏಪ್ರಿಲ್ 1ರಿಂದ ಮೊದಲ ಎರಡು ಮಕ್ಕಳಿಗೆ 26 ವಾರಕ್ಕೆ ಏರಿತು. ಅದರಲ್ಲಿ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 8 ವಾರ. ಬದುಕಿರುವ ಇಬ್ಬರು ಮಕ್ಕಳಿದ್ದು ಮತ್ತೊಂದು ಹೆರಿಗೆಯಾದರೆ 12 ವಾರ. ಬಾಡಿಗೆ ತಾಯಿಯಿಂದ ಮಗು ಪಡೆದ ತಾಯಿಗೂ ಮೂರು ತಿಂಗಳೊಳಗಿನ ಮಗುವನ್ನು ದತ್ತು ಪಡೆದವಳಿಗೂ 12 ವಾರ ಎಂದು 2017ರ ತಿದ್ದುಪಡಿ ಗೊತ್ತುಮಾಡಿತು. ಗರ್ಭಪಾತವಾದರೆ 6 ವಾರ, ಸಂತಾನಹರಣ ಶಸ್ತ್ರಚಿಕಿತ್ಸೆಗೆ 2 ವಾರ, ಗರ್ಭ ಅಥವಾ ಹೆರಿಗೆಯಿಂದ ಬಂದ ಕಾಯಿಲೆಗೆ ಮತ್ತೊಂದು ತಿಂಗಳು.

ಹಣ ಕೊಡುವ ಕ್ರಮವನ್ನೂ ಕಾಯ್ದೆ ಬಿಡಿಸಿ ಹೇಳಿತು. ಹೆರಿಗೆಗೆ ಮುಂಚಿನ ಅವಧಿಯ ಹಣ ಗರ್ಭದ ಪುರಾವೆ ಕೊಟ್ಟಾಗ ಮುಂಗಡವಾಗಿ ಸಲ್ಲಬೇಕು. ಉಳಿದದ್ದು ಹೆರಿಗೆಯ ಪುರಾವೆ ಕೈಸೇರಿದ 48 ಗಂಟೆಯೊಳಗೆ ಸಲ್ಲಬೇಕು. ಹೆರಿಗೆಯಲ್ಲಿ ತಾಯಿ ತೀರಿಕೊಂಡು ಮಗು ಉಳಿದರೆ ಹೆರಿಗೆಯ ನಂತರದ ಇಡೀ ಅವಧಿಯ ಮೊತ್ತವನ್ನು ಅವಳು ಸೂಚಿಸಿದವರಿಗೆ ಕೊಡಬೇಕು. ಸಂಸ್ಥೆಯಿಂದ ಉಚಿತ ವೈದ್ಯಕೀಯ ಆರೈಕೆ ಇಲ್ಲದಿದ್ದರೆ ₹3,500 ವೈದ್ಯಕೀಯ ಬೋನಸ್ ಇದೆ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡಿಸುವ ಬಿಡುವು ಉಂಟು. ರಜೆಯಲ್ಲಿರುವಾಗ ಕೆಲಸದಿಂದ ತೆಗೆದರೆ ಅದು ಕಾನೂನುಬಾಹಿರ.

‘ವಾರ’ ಎಂದರೆ ಎಷ್ಟು ದಿನ ಎಂಬ ಜಗಳವೂ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಕೊಯಮತ್ತೂರು ಪ್ರದೇಶದ ತೋಟವೊಂದರ ಕೂಲಿಯವಳಿಗೆ 12 ವಾರದ ಲೆಕ್ಕದಲ್ಲಿ ಭಾನುವಾರಗಳನ್ನು ಕಳೆದು 72 ದಿನದ ಹಣ ಕೊಡಲಾಗಿತ್ತು. 1977ರಲ್ಲಿ ಬಿ. ಷಾ ಪ್ರಕರಣದಲ್ಲಿ ನ್ಯಾಯಾಲಯ, ಭಾನುವಾರ ಸೇರಿ ಏಳು ದಿನವೂ ಎಣಿಕೆಗೆ ಬರುತ್ತದೆ, 84 ದಿನದ ಹಣ ಸಲ್ಲಬೇಕು ಎಂದಿತು. 2000ದಲ್ಲಿ ದೆಹಲಿ ಮಹಾನಗರ ಪಾಲಿಕೆಯ ಮಸ್ಟರ್ ರೋಲ್ ಕೂಲಿಗಳ ಪ್ರಕರಣದಲ್ಲಿ ದಿನಗೂಲಿಯವರಿಗೂ ಈ ಸೌಲಭ್ಯ ಉಂಟೆಂದು ತೀರ್ಪಾಯಿತು. ಕಾಯಂ ನೌಕರಿ ಇಲ್ಲ ಎಂಬ ನೆಪ ಕಾನೂನಿನಲ್ಲಿ ಅಲ್ಲಿಗೆ ಮುಗಿಯಿತು, ವ್ಯವಹಾರದಲ್ಲಿ ಮುಗಿಯಲಿಲ್ಲ.

ವಿಮೆಯ ಮೂಲಕ

ಇ.ಎಸ್.ಐ. ಯೋಜನೆ 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಮೊದಲು ಜಾರಿಯಾಯಿತು. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನದ ವಂತಿಗೆ ಸಂದಿದ್ದರೆ ಹೆರಿಗೆ ಸೌಲಭ್ಯ ಸಿಗುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಸರಾಸರಿ ದಿನಗೂಲಿಯ ಪೂರ್ತಿ ಮೊತ್ತ, 26 ವಾರ.

ಹೊರೆ ಹಂಚುವ ಲೆಕ್ಕದಲ್ಲಿ ಇದು ಅಂತರರಾಷ್ಟ್ರೀಯ ಮಾದರಿಗೆ ಹತ್ತಿರದ್ದು. ಹೆರಿಗೆ ಸೌಲಭ್ಯದ ನೇರ ವೆಚ್ಚ ಒಬ್ಬೊಬ್ಬ ಮಾಲೀಕನ ತಲೆಗೆ ಬೀಳಬಾರದು ಎಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2000ದ ಒಡಂಬಡಿಕೆಯ ನಿಲುವು. ಭಾರತ ಅದಕ್ಕೆ ಸಹಿ ಹಾಕಿ ಬದ್ಧವಾಗಿಲ್ಲ. ವೆಚ್ಚ ಒಬ್ಬನದೇ ಆದಾಗ, ಮದುವೆಯ ವಯಸ್ಸಿನ ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳಲು ಸಣ್ಣ ಸಂಸ್ಥೆಗಳು ಹಿಂದೆಗೆಯುವ ಅಪಾಯ ಹೆಚ್ಚುತ್ತದೆ. ಇದನ್ನು ಮನಗಂಡು ಕೇಂದ್ರ ಕಾರ್ಮಿಕ ಸಚಿವಾಲಯ 2018ರಲ್ಲಿ, ₹15,000ದವರೆಗೆ ಸಂಬಳವಿರುವವರ ವಿಷಯದಲ್ಲಿ ಮಾಲೀಕರಿಗೆ 7 ವಾರದ ಸಂಬಳ ಮರಳಿಸುವ ಯೋಚನೆ ಮುಂದಿಟ್ಟಿತ್ತು. ಅದು ಕಾರ್ಯರೂಪಕ್ಕೆ ಬರಲಿಲ್ಲ. ಇ.ಎಸ್.ಐ. ವ್ಯಾಪ್ತಿಯ ಸಂಬಳದ ಮಿತಿ 2017ರಲ್ಲಿ ₹21,000 ಎಂದು ನಿಗದಿಯಾಯಿತು. ಸಂಬಳ ಏರಿ ಈ ಗೆರೆ ದಾಟಿದವಳು ವಂತಿಗೆ ಅವಧಿ ಮುಗಿಯುತ್ತಲೇ ವಿಮೆಯಿಂದ ಹೊರಬಿದ್ದು ಮಾಲೀಕನ ಖರ್ಚಿಗೆ ವರ್ಗವಾಗುತ್ತಾಳೆ.

ಕಲ್ಯಾಣ ಮಂಡಳಿಗಳು

ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕೇಂದ್ರ ಕಾನೂನಿನಂತೆ ನಿರ್ಮಾಣ ವೆಚ್ಚದ ಶೇ 1ರಷ್ಟು ಸೆಸ್ ವಸೂಲಾಗುತ್ತದೆ. ಕರ್ನಾಟಕದ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ ಈ ಹಣದಿಂದ ನೋಂದಾಯಿತ ಮಹಿಳಾ ಕಾರ್ಮಿಕರಿಗೆ ಮೊದಲ ಎರಡು ಮಕ್ಕಳ ಹೆರಿಗೆಗೆ ‘ತಾಯಿ ಲಕ್ಷ್ಮೀ ಬಾಂಡ್’ ಹೆಸರಿನಲ್ಲಿ ತಲಾ ₹50,000 ಕೊಡುತ್ತದೆ. ‘ತಾಯಿ ಮಗು ಸಹಾಯಹಸ್ತ’ ಯೋಜನೆಯಲ್ಲಿ ಮಗುವಿಗೆ ಮೂರು ವರ್ಷ ತುಂಬುವವರೆಗೆ ವರ್ಷಕ್ಕೆ ₹6,000 ಉಂಟು. ಗಾರೆ ಕೆಲಸದ ಹೆಂಗಸಿಗೆ ಸಿಗಬಹುದಾದ ಬಾಂಡ್ ಮೊತ್ತ ಕೇಂದ್ರದ ₹5,000 ಸಹಾಯಧನದ ಹತ್ತು ಪಟ್ಟು. ಸಿಗಬೇಕಾದರೆ ಕಾರ್ಮಿಕ ಕಾರ್ಡ್ ಇರಬೇಕು, ಅದು ನವೀಕರಣವಾಗಿರಬೇಕು. ಕೆಲಸ ಮುಗಿದಂತೆಲ್ಲ ಒಂದು ಸೈಟಿನಿಂದ ಇನ್ನೊಂದಕ್ಕೆ ಗುಡಾರ ಎತ್ತುವವರಿಗೆ ಕಷ್ಟವಾಗುವುದು ಇಲ್ಲೇ.

ಬೊಕ್ಕಸದ ಸಹಾಯಧನ

ತಮಿಳುನಾಡು ಈ ದಾರಿಯಲ್ಲಿ ಮುಂದೆ ನಡೆದ ರಾಜ್ಯ. ಅಲ್ಲಿನ ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಹೆರಿಗೆ ಸಹಾಯಧನ 1987ರಲ್ಲೇ ಶುರುವಾಗಿ, ಪೌಷ್ಟಿಕಾಂಶ ಕಿಟ್ ಸೇರಿ ₹18,000ಕ್ಕೆ ಏರಿದೆ. ಒಡಿಶಾ 2011ರಲ್ಲಿ ‘ಮಮತಾ’ ಎಂಬ ಇಂಥದೇ ಸಹಾಯಧನ ಆರಂಭಿಸಿತು. ಕೇಂದ್ರ ಸರ್ಕಾರ 2010ರಲ್ಲಿ ಇಂದಿರಾ ಗಾಂಧಿ ಮಾತೃತ್ವ ಸಹಯೋಗ ಯೋಜನೆಯನ್ನು ಆಯ್ದ ಜಿಲ್ಲೆಗಳಲ್ಲಿ ಪ್ರಯೋಗಕ್ಕಿಟ್ಟಾಗ ಕರ್ನಾಟಕದಿಂದ ಧಾರವಾಡ ಮತ್ತು ಕೋಲಾರ ಸೇರಿದ್ದವು. 2013ರ ಆಹಾರ ಭದ್ರತಾ ಕಾಯ್ದೆ, ಸರ್ಕಾರಿ ನೌಕರಿಯಲ್ಲಿಲ್ಲದ ಮತ್ತು ಬೇರೆ ಕಾನೂನಿನಡಿ ಇಂಥದೇ ಸೌಲಭ್ಯ ಪಡೆಯದ ಪ್ರತಿಯೊಬ್ಬ ಗರ್ಭಿಣಿ ಮತ್ತು ಬಾಣಂತಿಗೆ ಕನಿಷ್ಠ ₹6,000 ಹೆರಿಗೆ ನೆರವನ್ನು ಹಕ್ಕಾಗಿ ಬರೆಯಿತು.

ಆ ಮಾತನ್ನು ಜಾರಿಗೆ ತರಲು 2017ರ ಜನವರಿ 1ರಿಂದ ಬಂದದ್ದು ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆ. ಮೊತ್ತ ₹5,000, ಅದೂ ಮೊದಲ ಮಗುವಿಗೆ ಮಾತ್ರ. ಆಸ್ಪತ್ರೆ ಹೆರಿಗೆಗೆ 2005ರಿಂದ ಇರುವ ಜನನಿ ಸುರಕ್ಷಾ ಯೋಜನೆಯ ಹಣವನ್ನೂ ಕೂಡಿಸಿ ‘ಸರಾಸರಿ ₹6,000’ ಎಂದು ಲೆಕ್ಕ ಸರಿದೂಗಿಸಲಾಯಿತು. ಕಾಯ್ದೆಯಲ್ಲಿ ಮಕ್ಕಳ ಸಂಖ್ಯೆಯ ಮಿತಿ ಇರಲಿಲ್ಲ; ಯೋಜನೆಯಲ್ಲಿ ಬಂತು. 2022ರ ಏಪ್ರಿಲ್‌ನಿಂದ ಕೇಂದ್ರದ ‘ಮಿಷನ್ ಶಕ್ತಿ’ ಕಾರ್ಯಕ್ರಮದಡಿ ಮಾರ್ಪಾಡಾಗಿ, ಮೊದಲ ಮಗುವಿನ ₹5,000 ಎರಡು ಕಂತಿನಲ್ಲಿ ಬರುತ್ತದೆ: ಗರ್ಭ ನೋಂದಣಿ ಮತ್ತು ತಪಾಸಣೆಯಾದ ಮೇಲೆ ₹3,000, ಜನನ ನೋಂದಣಿಯಾಗಿ ಮೊದಲ ಸುತ್ತಿನ ಲಸಿಕೆ ಮುಗಿದ ಮೇಲೆ ₹2,000. ಎರಡನೆಯ ಮಗು ಹೆಣ್ಣಾದರೆ ಒಂದೇ ಕಂತಿನಲ್ಲಿ ₹6,000. ಕುಟುಂಬದ ವಾರ್ಷಿಕ ವರಮಾನ ₹8 ಲಕ್ಷದೊಳಗಿರುವವರು, ಬಿಪಿಎಲ್ ಕಾರ್ಡಿನವರು, ಪರಿಶಿಷ್ಟ ಜಾತಿ-ಪಂಗಡದವರು, ಇ-ಶ್ರಮ್ ಕಾರ್ಡಿನವರು ಹೀಗೆ ಅರ್ಹರ ಪಟ್ಟಿ ಉದ್ದವಿದೆ. ಅಂಗನವಾಡಿ ಕಾರ್ಯಕರ್ತೆಯರು, ಸಹಾಯಕಿಯರು, ಆಶಾ ಕಾರ್ಯಕರ್ತೆಯರು ಆ ಪಟ್ಟಿಯಲ್ಲೇ ಇದ್ದಾರೆ. ಊರವರ ಅರ್ಜಿ ತುಂಬಿಸುವವರೂ ಬಸುರಾದಾಗ ಅದೇ ₹5,000ಕ್ಕೆ ಕಾಯುವವರು, ಏಕೆಂದರೆ ಅವರಿಗೆ ಬರುವುದು ಸಂಬಳವಲ್ಲ, ಗೌರವಧನ.

ಹಣ ತಲುಪುವ ಹಾದಿ ಹೀಗಿದೆ. ಬಸುರಿಯ ಹೆಸರು ಮೊದಲು ಆರೋಗ್ಯ ಕೇಂದ್ರದಲ್ಲಿ ದಾಖಲಾಗಿ ಅವಳ ಕೈಗೆ ತಾಯಿ ಕಾರ್ಡ್ ಬರುತ್ತದೆ. ತೂಕ, ರಕ್ತದೊತ್ತಡ, ಧನುರ್ವಾಯು ಚುಚ್ಚುಮದ್ದು, ಕಬ್ಬಿಣದ ಮಾತ್ರೆ ಎಲ್ಲಕ್ಕೂ ಅದರಲ್ಲಿ ಕಾಲಂ ಉಂಟು. ಆ ಕಾರ್ಡ್, ಆಧಾರ್, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಹಿಡಿದು ಅಂಗನವಾಡಿಯಲ್ಲಿ ಅರ್ಜಿ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿ ಇರುವ ನಾಡಿನಲ್ಲಿ ಈ ಹಾದಿ ಎರಡು ಊರುಗಳ ನಡುವೆ ಹರಿದುಹೋಗುತ್ತದೆ: ತಪಾಸಣೆ ಗಂಡನ ಮನೆಯ ಊರಲ್ಲಿ, ಹೆರಿಗೆ ಮತ್ತು ಲಸಿಕೆ ತವರಲ್ಲಿ, ಆಧಾರ್‌ನಲ್ಲಿ ಇನ್ನೂ ಅಪ್ಪನ ಹೆಸರು ಮತ್ತು ಮದುವೆಗೆ ಮುಂಚಿನ ವಿಳಾಸ. ಎರಡನೆಯ ಕಂತು ತಡವಾಗುವುದು ಬಹುಮಟ್ಟಿಗೆ ಇಂಥ ಕಾಗದಗಳ ಹೊಂದಾಣಿಕೆಯಲ್ಲಿ.

ಕರ್ನಾಟಕ ತನ್ನದೇ ಯೋಜನೆಗಳನ್ನೂ ನಡೆಸಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ ಸೊಳ್ಳೆಪರದೆ, ಹೊದಿಕೆ, ಸಾಬೂನು ಮೊದಲಾದವು ತುಂಬಿದ ‘ಮಡಿಲು’ ಕಿಟ್ ಬಹಳ ಜನಪ್ರಿಯವಾಗಿತ್ತು. 2018ರಲ್ಲಿ ಬಂದ ‘ಮಾತೃಶ್ರೀ’ ಹೆರಿಗೆಗೆ ಮುಂಚೆ ಮೂರು ತಿಂಗಳು, ನಂತರ ಮೂರು ತಿಂಗಳು ತಲಾ ₹1,000 ಕೊಡುವ ಯೋಜನೆ. ಅದು ಹೆಚ್ಚು ಕಾಲ ಉಳಿಯಲಿಲ್ಲ.

ಆಹಾರ ಮತ್ತು ಅಂಗನವಾಡಿ

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭವಾಯಿತು. ಕರ್ನಾಟಕದಲ್ಲಿ ಆರಿಸಿಕೊಂಡದ್ದು ತಿ. ನರಸೀಪುರವನ್ನು. ಅಲ್ಲಿನ 100 ಅಂಗನವಾಡಿಗಳಿಂದ ಶುರುವಾದದ್ದು ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಾಗಿ ಬೆಳೆದಿದೆ. 2013ರ ‘ಕ್ಷೀರಭಾಗ್ಯ’ದಿಂದ ಮಕ್ಕಳಿಗೆ ಹಾಲು ಬಂತು.

2017ರ ಅಕ್ಟೋಬರ್ 2ರಂದು ರಾಜ್ಯವಿಡೀ ಜಾರಿಯಾದ ‘ಮಾತೃಪೂರ್ಣ’ ಬಸುರಿ-ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟದ ಯೋಜನೆ. ಅದಕ್ಕೂ ಮುಂಚೆ ಜಮಖಂಡಿ, ಎಚ್.ಡಿ. ಕೋಟೆ, ಮಧುಗಿರಿ, ಮಾನ್ವಿ ತಾಲ್ಲೂಕುಗಳಲ್ಲಿ ಪರೀಕ್ಷಿಸಿ ನೋಡಲಾಗಿತ್ತು. ಅನ್ನ, ಸಾರು, ತರಕಾರಿ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಪಡಿತರ ಮನೆಗೆ ಕೊಟ್ಟರೆ ಅದು ಮನೆಮಂದಿಯಲ್ಲಿ ಹಂಚಿಹೋಗುತ್ತದೆ, ಕೇಂದ್ರದಲ್ಲೇ ಬಡಿಸಿದರೆ ತಾಯಿಯ ಹೊಟ್ಟೆಗೇ ಸೇರುತ್ತದೆ ಎಂಬುದು ಇದರ ತರ್ಕ. ತರ್ಕ ಸರಿಯಾದದ್ದೇ. ಆದರೆ ತುಂಬು ಬಸುರಿಗೆ ಅಥವಾ ಹಸಿ ಬಾಣಂತಿಗೆ ಬಿಸಿಲಲ್ಲಿ ಅಂಗನವಾಡಿಯವರೆಗೆ ನಡೆಯುವುದು ಸುಲಭವಲ್ಲ. ಮಲೆನಾಡಿನ ಒಂಟಿಮನೆಗಳಿಂದಂತೂ ಇನ್ನೂ ಕಷ್ಟ.

ಶಿಶುವಿಹಾರ

1948ರ ಕಾರ್ಖಾನೆ ಕಾಯ್ದೆ 30ಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಗಳಲ್ಲಿ ಶಿಶುವಿಹಾರವನ್ನು ಕಡ್ಡಾಯ ಮಾಡಿತ್ತು. 1951ರ ತೋಟ ಕಾರ್ಮಿಕರ ಕಾಯ್ದೆಯಿಂದ ದೊಡ್ಡ ಚಹಾ, ಕಾಫಿ ಎಸ್ಟೇಟುಗಳಿಗೂ ಈ ಹೊಣೆ ಬಂತು. 2017ರ ತಿದ್ದುಪಡಿಯ ನಂತರ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುವಿಹಾರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಹೋಗಿ ಮಗುವನ್ನು ನೋಡಿಬರಬಹುದು.

ಕೂಲಿಕಾರರ ಮಕ್ಕಳ ಮಾತು ಬೇರೆ. ಅಂಗನವಾಡಿಯ ಶಾಲಾಪೂರ್ವ ಕಲಿಕೆ ಮೂರರಿಂದ ಆರು ವರ್ಷದವರಿಗೆ. ಆರು ತಿಂಗಳಿಂದ ಮೂರು ವರ್ಷದವರೆಗಿನ ಮಗುವನ್ನು ಯಾರು ನೋಡಿಕೊಳ್ಳಬೇಕು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆ, ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ಒಬ್ಬಳನ್ನು ಅವರನ್ನು ನೋಡಿಕೊಳ್ಳಲೆಂದೇ ನೇಮಿಸಿ ಕೂಲಿ ಕೊಡಬೇಕೆಂದಿತ್ತು. ಕರ್ನಾಟಕ 2023-24ರ ಬಜೆಟ್ಟಿನಲ್ಲಿ ಘೋಷಿಸಿದ ‘ಕೂಸಿನ ಮನೆ’ ಈ ಕೊರತೆ ತುಂಬಲು ಹೊರಟ ಯೋಜನೆ. 4,000 ಗ್ರಾಮ ಪಂಚಾಯಿತಿಗಳಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ಹಗಲಿನ ಆರೈಕೆ ಕೇಂದ್ರ. ನೋಡಿಕೊಳ್ಳುವವರು ಉದ್ಯೋಗ ಚೀಟಿಯುಳ್ಳ, ತರಬೇತಿ ಪಡೆದ ಊರಿನ ಹೆಂಗಸರೇ. ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೂಲಿ ಮಾತ್ರ ಖಾತರಿಯಾಗಿದ್ದರಿಂದ ಒಬ್ಬರ ಸರದಿ ಮುಗಿದಂತೆ ಇನ್ನೊಬ್ಬರು ಬರುವ ಏರ್ಪಾಟು ಮಾಡಬೇಕಾಯಿತು. ಹೀಗಾಗಿ ಕೂಸು ಒಬ್ಬಳಿಗೆ ಒಗ್ಗಿಕೊಳ್ಳುವಷ್ಟರಲ್ಲಿ ಅವಳ ಸರದಿ ಮುಗಿದಿರುತ್ತದೆ. ಕೇಂದ್ರದ ‘ಪಾಲ್ನಾ’ ಯೋಜನೆಯಲ್ಲಿ ಅಂಗನವಾಡಿಗಳನ್ನೇ ಶಿಶುವಿಹಾರವಾಗಿಯೂ ಬೆಳೆಸುವ ಗುರಿ ಇದೆ.

ಸರ್ಕಾರಿ ನೌಕರರು

ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ 180 ದಿನ ಹೆರಿಗೆ ರಜೆ, ಇಡೀ ಸೇವಾವಧಿಯಲ್ಲಿ 730 ದಿನ ಶಿಶುಪಾಲನಾ ರಜೆ ಇದೆ. ಮೊದಲ 365 ದಿನಕ್ಕೆ ಪೂರ್ತಿ ಸಂಬಳ, ಉಳಿದ 365ಕ್ಕೆ ಶೇ 80. ಮಗುವನ್ನು ಒಬ್ಬನೇ ಸಾಕುವ ತಂದೆಗೂ ಶಿಶುಪಾಲನಾ ರಜೆ ಸಿಗುತ್ತದೆ. 2024ರಲ್ಲಿ ಬಾಡಿಗೆ ತಾಯ್ತನದ ಪ್ರಕರಣಗಳಿಗೂ 180 ದಿನ ವಿಸ್ತರಿಸಲಾಯಿತು. ಮಕ್ಕಳ ಶಿಕ್ಷಣ ಭತ್ಯೆ 2024ರ ಜನವರಿಯಿಂದ ಮಗುವೊಂದಕ್ಕೆ ತಿಂಗಳಿಗೆ ₹2,812.50. ಕರ್ನಾಟಕದ ನೌಕರರಿಗೆ ಹೆರಿಗೆ ರಜೆ 180 ದಿನ. 180 ದಿನದ ಶಿಶುಪಾಲನಾ ರಜೆ 2021ರಲ್ಲಿ ಬಂತು. ಸಿಕ್ಕಿಂ ತನ್ನ ಮಹಿಳಾ ನೌಕರರಿಗೆ ಒಂದು ವರ್ಷದ ಹೆರಿಗೆ ರಜೆಯನ್ನು 2023ರಲ್ಲಿ ಪ್ರಕಟಿಸಿತು.

ತಂದೆಯ ಪಾಲು

ಕೇಂದ್ರ ಮತ್ತು ಕರ್ನಾಟಕ ಸರ್ಕಾರದ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ. ಖಾಸಗಿ ವಲಯದಲ್ಲಿ ಕಾನೂನು ಕಡ್ಡಾಯ ಮಾಡಿದ ಪಿತೃತ್ವ ರಜೆ ಇಲ್ಲ. ಕೊಡುವ ಕಂಪನಿಗಳು ತಮ್ಮ ಇಷ್ಟದಂತೆ ಕೊಡುತ್ತವೆ. ಆದಾಯ ತೆರಿಗೆಯಲ್ಲಿ ಮಾತ್ರ ಇಬ್ಬರೂ ಸಮಾನರು, ಆದರೂ ಮಕ್ಕಳ ಶಿಕ್ಷಣ ಭತ್ಯೆಗೆ ಸಿಗುತ್ತಿದ್ದ ವಿನಾಯಿತಿ ದಶಕಗಳ ಕಾಲ ಮಗುವಿಗೆ ತಿಂಗಳಿಗೆ ₹100ರಲ್ಲೇ ನಿಂತಿತ್ತು.

ಈಚಿನ ಸ್ಥಿತಿ

2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದು, 1961ರ ಹೆರಿಗೆ ಸೌಲಭ್ಯ ಕಾಯ್ದೆ ಮತ್ತು 1948ರ ವಿಮಾ ಕಾಯ್ದೆ ಎರಡನ್ನೂ ತನ್ನೊಳಗೆ ಸೇರಿಸಿಕೊಂಡಿತು. 80 ದಿನದ ಅರ್ಹತೆ, 26 ವಾರದ ಅವಧಿ, 50 ನೌಕರರ ಶಿಶುವಿಹಾರ ನಿಯಮ ಹಾಗೆಯೇ ಮುಂದುವರಿದವು. ಗಿಗ್ ಕೆಲಸಗಾರರು ಮತ್ತು ಅಸಂಘಟಿತರಿಗೆ ಹೆರಿಗೆ ಸೌಲಭ್ಯದ ಯೋಜನೆ ರೂಪಿಸಲು ಸಂಹಿತೆಯಲ್ಲಿ ಅವಕಾಶ ಇದೆ. ಅದು ಸರ್ಕಾರಗಳು ಮುಂದೆ ಹೊರಡಿಸುವ ಯೋಜನೆಗಳಿಗೆ ಬಿಟ್ಟ ವಿಷಯ.

ಮಕ್ಕಳ ಸಂಖ್ಯೆಯ ಮಿತಿಯನ್ನು ನ್ಯಾಯಾಲಯಗಳು ಸಡಿಲವಾಗಿ ಓದುತ್ತ ಬಂದಿವೆ. ಗಂಡನ ಮೊದಲ ಮದುವೆಯ ಇಬ್ಬರು ಮಕ್ಕಳನ್ನು ಲೆಕ್ಕಕ್ಕೆ ಹಿಡಿದು ಚಂಡೀಗಢದ ನರ್ಸಿಂಗ್ ಅಧಿಕಾರಿಯೊಬ್ಬರಿಗೆ ಅವರ ಮೊದಲ ಹೆರಿಗೆಯ ರಜೆಯನ್ನೇ ನಿರಾಕರಿಸಲಾಗಿತ್ತು; 2022ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. 2025ರ ಮೇ ತಿಂಗಳಲ್ಲಿ ತಮಿಳುನಾಡಿನ ಸರ್ಕಾರಿ ಶಾಲಾ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ, ಮೊದಲ ಮದುವೆಯ ಇಬ್ಬರು ಮಕ್ಕಳು ತಂದೆಯ ಬಳಿ ಇರುವಾಗ ಎರಡನೆಯ ಮದುವೆಯ ಮಗುವಿಗೆ ರಜೆ ನಿರಾಕರಿಸುವುದು ತಪ್ಪೆಂದು, ಹೆರಿಗೆ ರಜೆ ಹೆಣ್ಣಿನ ಸಂತಾನೋತ್ಪತ್ತಿ ಹಕ್ಕುಗಳ ಭಾಗವೆಂದು ಅದೇ ನ್ಯಾಯಾಲಯ ತೀರ್ಪಿತ್ತಿತು. ಇವೆರಡೂ ಸರ್ಕಾರಿ ನೌಕರಿಯಲ್ಲಿದ್ದವರ ವ್ಯಾಜ್ಯಗಳು. ಮಾತೃ ವಂದನಾ ಯೋಜನೆಯಲ್ಲಿ ಎರಡನೆಯ ಮಗು ಹೆಣ್ಣಾದರೆ ಮಾತ್ರ ಸಹಾಯಧನ ಎಂಬ ನಿಯಮ 2022ರ ಮಾರ್ಗಸೂಚಿಯಲ್ಲಿ ಬಂದದ್ದು; ಮೊದಲ ಮಗುವಿನ ₹5,000 ಯೋಜನೆ ಶುರುವಾದಾಗ ಇದ್ದಷ್ಟೇ ಮುಂದುವರಿಯಿತು.